ಲೆಕ್ಕ ಕೊಡದ ಮೆರಿಟ್

ಕೆಲಸ ಸಿಗದ ಎಂಜಿನಿಯರ್ ಹುಡುಗನೊಬ್ಬ 'ಇಂಟರ್‌ವ್ಯೂನಲ್ಲಿ ಭೇದ ಮಾಡಿದರು' ಅಂದರೆ ಅವನ ಬಾಯಿ ಮುಚ್ಚಿಸುವ ಉತ್ತರ ನಮ್ಮಲ್ಲಿ ಸಿದ್ಧವಾಗಿಯೇ ಇದೆ: ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮನೆಯ ಹಿರಿಯರು ಇದನ್ನು ಗಾದೆಯಾಗಿಯೇ ಹೇಳುತ್ತಾರೆ. ಲಿಂಕ್ಡ್‌ಇನ್‌ನ ಉಪದೇಶಕರು 'ಅಪ್‌ಸ್ಕಿಲ್ ಆಗಿ' ಅನ್ನುತ್ತಾರೆ. ಎಚ್‌ಆರ್‌ನವರು ಏನೂ ಹೇಳುವುದಿಲ್ಲ. ಮೂರರ ಅರ್ಥವೂ ಒಂದೇ. ಕುಣಿಯಲು ಬರದವರು ಇಲ್ಲವೆಂದಲ್ಲ, ಬೇಕಾದಷ್ಟು ಇದ್ದಾರೆ. ಆದರೆ ನೆಲ ಸಮವಾಗಿದೆ ಎಂದು ಆಣೆ ಇಡುವವರು ಆ ನೆಲವನ್ನು ಯಾರಿಗಾದರೂ ತೋರಿಸಿದ್ದಾರೆಯೇ?

ಬೆಂಗಳೂರಿನ ಟೆಕ್ ಜಗತ್ತು ಒಂದೇ ಉಸಿರಿನಲ್ಲಿ ಎರಡು ಮಾತು ಆಡುತ್ತದೆ. ನಮ್ಮಲ್ಲಿ ನಡೆಯುವುದು ಮೆರಿಟ್ ಮಾತ್ರ, ಕೋಡಿಗೆ ಜಾತಿ, ಧರ್ಮ, ಊರು ಗೊತ್ತಿಲ್ಲ ಎಂಬುದು ಒಂದು. ಬೇಡವೆಂದು ಕಳಿಸಿದವರಿಗೆ ಕಾರಣ ಹೇಳುವ ಹಂಗು ನಮಗಿಲ್ಲ ಎಂಬುದು ಇನ್ನೊಂದು. ಇವುಗಳಲ್ಲಿ ಯಾವುದಾದರೂ ಒಂದನ್ನು ಹೇಳಬಹುದು, ಎರಡನ್ನೂ ಹೇಳಲು ಬರುವುದಿಲ್ಲ. ಕಾರಣ ಹೇಳುವುದಿಲ್ಲವೆಂದರೆ 'ನಮಗೆ ಬೇಕಾದವರನ್ನು ತಗೊಂಡೆವು, ನಮ್ಮ ಇಷ್ಟ' ಎಂದು ಹೇಳಿ ಸುಮ್ಮನಾಗಬೇಕು. ಅದರಲ್ಲಿ ಪ್ರಾಮಾಣಿಕತೆಯಾದರೂ ಇರುತ್ತದೆ. ಲೆಕ್ಕದ ಪುಸ್ತಕ ತೋರಿಸದೆ ಲಾಭ ಘೋಷಿಸಿದರೆ ಷೇರುದಾರರು ಸುಮ್ಮನಿರುವರೇ? ಮೆರಿಟ್ ವಿಷಯದಲ್ಲಿ ಮಾತ್ರ ನಾವೆಲ್ಲ ಚಪ್ಪಾಳೆ ತಟ್ಟಿ ಕುಳಿತಿದ್ದೇವೆ.

ಬೇಡವೆಂದು ಕಳಿಸುವ ಆ ಮೇಲ್ ಅಂತೂ ಎಲ್ಲರಿಗೂ ಬಾಯಿಪಾಠ. ನಮ್ಮ ಸಂಸ್ಥೆಯಲ್ಲಿ ಆಸಕ್ತಿ ತೋರಿದ್ದಕ್ಕೆ ಧನ್ಯವಾದ, ನಿಮ್ಮ ಪ್ರೊಫೈಲ್ ಚೆನ್ನಾಗಿದೆ, ಆದರೂ ಈ ಸಲ ಬೇರೆ ಅಭ್ಯರ್ಥಿಗಳೊಂದಿಗೆ ಮುಂದುವರಿಯುತ್ತಿದ್ದೇವೆ, ಶುಭವಾಗಲಿ. ಕಳಿಸಿದವರ ವಿಳಾಸದಲ್ಲೇ 'ನೋ-ರಿಪ್ಲೈ' ಎಂದಿರುತ್ತದೆ. ಇಷ್ಟಾದರೂ ಸಿಕ್ಕವರು ಪುಣ್ಯವಂತರು. ಆನ್‌ಲೈನ್ ಟೆಸ್ಟು, ಎರಡು ಟೆಕ್ನಿಕಲ್ ರೌಂಡು, ಮ್ಯಾನೇಜರ್ ರೌಂಡು, ಎಚ್‌ಆರ್ ರೌಂಡು ಎಲ್ಲ ಮುಗಿಸಿ, ಈಗಿನ ಸಂಬಳದ ಸ್ಲಿಪ್ಪನ್ನೂ ಕೊಟ್ಟು, 'ಎರಡು ದಿನದಲ್ಲಿ ತಿಳಿಸ್ತೀವಿ' ಎಂಬ ಮಾತು ಕೇಳಿದ ಮೇಲೆ ಎಷ್ಟೋ ಜನರಿಗೆ ಉಳಿಯುವುದು ವಾಟ್ಸ್‌ಆ್ಯಪ್‌ನ ಎರಡು ನೀಲಿ ಗುರುತು ಮಾತ್ರ.

ಕಂಪನಿಗೂ ಕಾರಣ ನೆನಪಿರುವುದಿಲ್ಲವೇನೋ, ಲಕ್ಷಾಂತರ ಅರ್ಜಿಗಳ ನಡುವೆ ಯಾರು ಬರೆದಿಡುತ್ತಾರೆ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ. ಸಂಗತಿ ಹಾಗಿಲ್ಲ. ಗ್ರೀನ್‌ಹೌಸ್, ಲೀವರ್, ವರ್ಕ್‌ಡೇ ಮುಂತಾದ ನೇಮಕಾತಿ ತಂತ್ರಾಂಶಗಳಲ್ಲಿ ಒಂದು ಅರ್ಜಿಯನ್ನು ತಿರಸ್ಕರಿಸಿ ಮುಚ್ಚುವಾಗ ಯಾಕೆ ಎಂದು ಗುರುತು ಹಾಕಲು ಪಟ್ಟಿಯೇ ಇರುತ್ತದೆ. ಅನುಭವ ಸಾಲದು, ಸಂಬಳದ ನಿರೀಕ್ಷೆ ಹೆಚ್ಚು, ನೋಟಿಸ್ ಪೀರಿಯಡ್ ಉದ್ದ, ಕೋಡಿಂಗ್ ರೌಂಡಿನಲ್ಲಿ ನಪಾಸು, ಕಮ್ಯುನಿಕೇಶನ್ ಕಮ್ಮಿ, ಕಲ್ಚರ್ ಫಿಟ್ ಅಲ್ಲ. ರಿಕ್ರೂಟರ್ ಒಂದನ್ನು ಒತ್ತುತ್ತಾನೆ, ಅರ್ಜಿ ಮುಚ್ಚುತ್ತದೆ. ಅದೇ ತಂತ್ರಾಂಶದಿಂದಲೇ ಆ ಬಣ್ಣವಿಲ್ಲದ ಧನ್ಯವಾದದ ಮೇಲ್ ಕೂಡ ಹೊರಡುತ್ತದೆ. ಕಾರಣ ದಾಖಲಾಗಿದೆ, ಹುಡುಕಿದರೆ ಸಿಗುತ್ತದೆ, ಎಷ್ಟು ಜನ ಯಾವ ಕಾರಣಕ್ಕೆ ಬಿದ್ದರು ಎಂಬ ಚಾರ್ಟು ಮ್ಯಾನೇಜರ್‌ಗಳ ಮೀಟಿಂಗಿನಲ್ಲೂ ಓಡಾಡುತ್ತದೆ. ಗೊತ್ತಾಗದೇ ಉಳಿಯುವುದು ಬಿದ್ದವನೊಬ್ಬನಿಗೆ.

ಹೇಳಿದ ಕಾರಣಕ್ಕೂ ಹೇಳದ ಕಾರಣಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ನೋಡಬೇಕಾದರೆ ಹಲವು ಕಾಲೇಜುಗಳವರನ್ನು ಒಂದೆಡೆ ಸೇರಿಸುವ ಪೂಲ್ ಕ್ಯಾಂಪಸ್ ಡ್ರೈವ್ ನಡೆಯುವ ಕಾಲೇಜಿಗೆ ಬೆಳಗ್ಗೆ ಹೋಗಿ ನಿಲ್ಲಬೇಕು. ಉತ್ತರ ಕರ್ನಾಟಕದ ಅಂಥದೊಂದು ಕಾಲೇಜಿನಲ್ಲಿ ನಾನು ನಿಂತಿದ್ದೆ. ಆಡಿಟೋರಿಯಂ ಬಾಗಿಲಲ್ಲಿ ಒಂದು ಮೇಜು, ಮೇಜಿನ ಹಿಂದೆ ಐಡಿ ಕಾರ್ಡ್ ತೂಗಿಸಿಕೊಂಡ ಇಬ್ಬರು. ಎಸ್‌ಎಸ್‌ಎಲ್‌ಸಿ, ಪಿಯುಸಿ, ಬಿಇ ಮೂರರ ಅಂಕಪಟ್ಟಿಗಳನ್ನೂ ನೋಡುತ್ತಾರೆ. 'ಥ್ರೂಔಟ್ ಸಿಕ್ಸ್‌ಟಿ' ಇರಬೇಕು, ಅಂದರೆ ಮೂರರಲ್ಲೂ ಶೇ 60. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಹುಡುಗನೊಬ್ಬ ಫೈಲು ಬಿಚ್ಚಿದ. ಹತ್ತನೆಯ ತರಗತಿಯಲ್ಲಿ ಕನ್ನಡ ಮಾಧ್ಯಮ, ಶೇ 85ರ ಮೇಲೆ. ಬಿಇಯಲ್ಲಿ ಎಂಟರ ಮೇಲಿನ ಸಿಜಿಪಿಎ. ಪಿಯುಸಿಯಲ್ಲಿ ಶೇ 57. ಮೇಜಿನವರು ಪಟ್ಟಿಯನ್ನು ಮಡಿಸಿ ಹಿಂದಕ್ಕೆ ಕೊಟ್ಟರು. ಹತ್ತು ಗಂಟೆಯೊಳಗೆ ಅವನು ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದ.

ಆ 57ರ ಹಿಂದೆ ಏನಿದೆ ಎಂಬುದು ಕನ್ನಡ ನಾಡಿನಲ್ಲಿ ಓದಿದ ಯಾರಿಗೂ ಹೇಳಬೇಕಾಗಿಲ್ಲ. ಹತ್ತು ವರ್ಷ ಘರ್ಷಣೆ, ವೇಗೋತ್ಕರ್ಷ ಎಂದು ಕಲಿತ ಮಗು ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನ ಎಲ್ಲವೂ ಇಂಗ್ಲಿಷಾಗುತ್ತದೆ. ಮೊದಲ ವರ್ಷ ಪಾಠದ ಭಾಷೆ ಅರ್ಥವಾಗುವುದರಲ್ಲೇ ಕಳೆಯುತ್ತದೆ, ಎರಡನೆಯ ವರ್ಷ ಬೋರ್ಡ್ ಪರೀಕ್ಷೆ ಬಂದು ನಿಲ್ಲುತ್ತದೆ. ಎಂಜಿನಿಯರಿಂಗ್‌ಗೆ ಬರುವ ಹೊತ್ತಿಗೆ ಅವನು ಸುಧಾರಿಸಿಕೊಂಡಿರುತ್ತಾನೆ, ಅಂಕಗಳೇ ಹಾಗೆ ಹೇಳುತ್ತವೆ. ಪ್ರೋಗ್ರಾಮಿಂಗ್ ಕೆಲಸಕ್ಕೆ ಬೇಕಾದ್ದು ನಾಲ್ಕು ವರ್ಷದ ಹಿಂದೆ ಎಡವಿದ ಅವನೋ, ಈಗಿನ ಅವನೋ? ಮೇಜಿನ ಹಿಂದಿನವರಿಗೆ ಯಾರ ಮೇಲೂ ದ್ವೇಷವಿರಲಿಲ್ಲ. ಸಾವಿರ ಜನರನ್ನು ಮುನ್ನೂರಕ್ಕೆ ಇಳಿಸಬೇಕಿತ್ತು, ಜರಡಿ ಕೈಗೆ ಸಿಕ್ಕಿತು, ಆಡಿಸಿದರು. ಉಳಿದವರು ಬಹುಪಾಲು ಒಂದೇ ಥರದ ಮನೆಗಳಿಂದ ಬಂದವರಾಗಿದ್ದರೆ ಅದು ಅವರ ಲೆಕ್ಕಕ್ಕೆ ಬರುವ ವಿಷಯವಲ್ಲ.

ಆದರೂ ಈ ಜರಡಿಯ ಬಗ್ಗೆ ನನಗೆ ಅಷ್ಟು ಸಿಟ್ಟಿಲ್ಲ. ಏಕೆಂದರೆ ಅದನ್ನು ಬೋರ್ಡಿನ ಮೇಲೆ ಬರೆದು ಹಾಕಿರುತ್ತಾರೆ. ಪ್ಲೇಸ್‌ಮೆಂಟ್ ಆಫೀಸರ್ ಕಂಪನಿಯವರ ಜತೆ ವಾದಕ್ಕೆ ನಿಲ್ಲಬಹುದು, ಪಿಯುಸಿಯನ್ನು ಬಿಟ್ಟು ನೋಡಿ ಎಂದು ಕೇಳಬಹುದು, ನಾನು ಇಲ್ಲಿ ಬರೆಯಬಹುದು. ಜಗಳ ಆಡಲು ಎದುರಿಗೆ ಏನೋ ಒಂದು ಇದೆ. ಬಾಗಿಲು ದಾಟಿ ಒಳಗೆ ಹೋದ ಮೇಲೆ ಅದೂ ಇಲ್ಲ. ಅಲ್ಲಿ ಆಳುವುದು 'ಕಮ್ಯುನಿಕೇಶನ್', 'ಆ್ಯಟಿಟ್ಯೂಡ್', 'ಕಲ್ಚರ್ ಫಿಟ್'. ಜತೆಗೆ ರಿಕ್ರೂಟರ್‌ಗಳು ತಮ್ಮತಮ್ಮಲ್ಲೇ ಆಡಿಕೊಳ್ಳುವ ಇನ್ನೊಂದು ಮಾತು, ಎಂಟಿಐ: ಮದರ್ ಟಂಗ್ ಇನ್‌ಫ್ಲುಯೆನ್ಸ್. ಡೇಟಾಬೇಸು, ಸರ್ವರು ಎಂದು ಕೊನೆಯಲ್ಲಿ ಉಕಾರ ಎಳೆಯುವ ಹುಡುಗಿಗೆ ಇಲ್ಲಿ ಅಂಕ ಹೋಗುತ್ತದೆ. ಕಾಲ್ ಸೆಂಟರ್‌ನಲ್ಲಾದರೆ ಗ್ರಾಹಕರಿಗೆ ಅರ್ಥವಾಗಬೇಕು, ಒಪ್ಪೋಣ. ದಿನವಿಡೀ ಡೇಟಾಬೇಸಿನ ಜತೆಯೇ ಮಾತಾಡಬೇಕಾದ ಹುದ್ದೆಗೂ ಇದೇ ಅಳತೆಗೋಲು ಯಾಕೆ?

ಇಲ್ಲಿ ಎದುರು ಪಕ್ಷದವರು ಒಂದು ಸಾಕ್ಷ್ಯ ತರಬಹುದು, ತರಲೂಬೇಕು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಸೆಂಧಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು ದಿಲ್ಲಿ ಸುತ್ತಮುತ್ತಲಿನ ಉದ್ಯೋಗಗಳಿಗೆ ಬೇರೆಬೇರೆ ಜಾತಿ ಸೂಚಿಸುವ ಹೆಸರುಗಳಲ್ಲಿ ಕಾಲ್ಪನಿಕ ಅರ್ಜಿಗಳನ್ನು ಕಳಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಾಫ್ಟ್‌ವೇರ್ ಕೆಲಸಗಳಲ್ಲಿ ಹೆಸರಿನಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ನೋಡಿದಿರಾ, ಐಟಿಯಲ್ಲಿ ಜಾತಿಯಿಲ್ಲ! ಸ್ವಲ್ಪ ತಾಳಿ. ಅದೇ ಅಧ್ಯಯನದಲ್ಲಿ ಕಾಲ್ ಸೆಂಟರ್ ಕೆಲಸಗಳಿಗೆ ಕಳಿಸಿದ ಅರ್ಜಿಗಳಲ್ಲಿ ವ್ಯತ್ಯಾಸ ಎದ್ದು ಕಂಡಿತು, ಮೇಲ್ಜಾತಿಯ ಹೆಸರುಗಳಿಗೆ ಹೆಚ್ಚು ಕರೆ ಬಂದವು. ಎರಡನ್ನೂ ಜೋಡಿಸಿ ಓದಿದರೆ ನನಗೆ ಕಾಣುವುದು ಇದು: ಯಾವ ಕೌಶಲ ಬೇಕು ಎಂದು ಖಚಿತವಾಗಿ ಗೊತ್ತಿರುವ ಕಡೆ ಹೆಸರಿಗೆ ಕೆಲಸ ಕಮ್ಮಿ. ಮಾತು, ನಡೆ, ಒಗ್ಗಿಕೊಳ್ಳುವ ಗುಣ ಎಂಬಂಥ ಹಿಡಿತಕ್ಕೆ ಸಿಗದ ಅಳತೆಗಳು ಬಂದ ಕಡೆ ಹೆಸರು ತಲೆ ಎತ್ತುತ್ತದೆ. ಆ ಪ್ರಯೋಗ ಇಂಟರ್‌ವ್ಯೂವಿಗೆ ಕರೆ ಬಂತೋ ಇಲ್ಲವೋ ಎಂಬಲ್ಲಿಗೆ ಮುಗಿಯುತ್ತದೆ. ಕುರ್ಚಿಯ ಮೇಲೆ ಕೂತ ನಂತರದ ರೌಂಡುಗಳಲ್ಲಿ ಸಾಫ್ಟ್‌ವೇರ್ ಅಭ್ಯರ್ಥಿಯನ್ನೂ ಅಳೆಯುವುದು ಅರ್ಧಕ್ಕರ್ಧ ಆ ಹಿಡಿತಕ್ಕೆ ಸಿಗದ ಗುಣಗಳಿಂದಲೇ.

ಖಾಸಗಿ ವಲಯ ಒಟ್ಟಾರೆ ಹೇಗಿದೆ ಎಂಬುದಕ್ಕೆ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರ 2007ರ ಅಧ್ಯಯನವಿದೆ. ಪತ್ರಿಕೆಯ ಜಾಹೀರಾತುಗಳಿಗೆ ಕಳಿಸಿದ 4,800ಕ್ಕೂ ಹೆಚ್ಚು ಅರ್ಜಿಗಳಲ್ಲಿ, ಅರ್ಹತೆ ಒಂದೇ ಆಗಿದ್ದರೂ, ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಂಭವ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನಕ್ಕಾಗಿ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಕಂಪನಿಗಳ ಎಚ್‌ಆರ್ ಮುಖ್ಯಸ್ಥರನ್ನೇ ಮಾತಾಡಿಸಿದ್ದರು. ಎಲ್ಲರ ಬಾಯಲ್ಲೂ ಮೆರಿಟ್ ಮಂತ್ರ. ಅಭ್ಯರ್ಥಿಗೆ ಏನು ಕೇಳುತ್ತೀರಿ ಎಂದರೆ, 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್'. ಅಪ್ಪ ಏನು ಮಾಡುತ್ತಾರೆ, ಅಣ್ಣ ಎಲ್ಲಿದ್ದಾನೆ, ಮೂಲ ಊರು ಯಾವುದು. ಜಾವಾ ಕೋಡಿಗೂ ಅಪ್ಪನ ಕಸುಬಿಗೂ ಏನು ಸಂಬಂಧ ಎಂದು ಆ ಮುಖ್ಯಸ್ಥರು ತಮ್ಮನ್ನು ತಾವೇ ಕೇಳಿಕೊಂಡಂತೆ ಕಾಣುವುದಿಲ್ಲ. ಬೆಂಗಳೂರಿನ ಇಂಟರ್‌ವ್ಯೂಗಳಲ್ಲೂ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಆದ ಕೂಡಲೇ ಬರುವ ಪ್ರಶ್ನೆ ಇದೇ ಅಲ್ಲವೇ.

ಇಷ್ಟಾದರೂ ಭೇದದ ಕೇಸು ಯಾಕೆ ದಾಖಲಾಗುವುದಿಲ್ಲ? ಸಾಕ್ಷ್ಯ ಯಾರ ಬಳಿ ಇದೆ ಎಂದು ನೋಡಿ. 2015ರಲ್ಲಿ ಮುಂಬೈಯ ವಜ್ರ ರಫ್ತು ಕಂಪನಿಯೊಂದು ಎಂಬಿಎ ಪದವೀಧರನೊಬ್ಬನಿಗೆ 'ನಾವು ಮುಸ್ಲಿಮೇತರರನ್ನು ಮಾತ್ರ ತೆಗೆದುಕೊಳ್ಳುತ್ತೇವೆ' ಎಂಬರ್ಥದ ಮೇಲ್ ಕಳಿಸಿಬಿಟ್ಟಿತು. ದೇಶವೇ ಬೆಚ್ಚಿತು, ಪೊಲೀಸ್ ದೂರಾಯಿತು, ಕಂಪನಿ ಅದು ಸಿಬ್ಬಂದಿಯೊಬ್ಬರ ತಪ್ಪು ಎಂದಿತು. ಬೆಚ್ಚಿದ್ದು ಭೇದ ಇತ್ತೆಂದಲ್ಲ, ಅದನ್ನು ಬರೆದು ಕಳಿಸಿದರಲ್ಲ ಎಂದು. ಆ ಪ್ರಕರಣದಿಂದ ಎಚ್‌ಆರ್ ಜಗತ್ತು ಕಲಿತ ಪಾಠ ಬರೆಯಬೇಡಿ ಎಂಬುದೇ ಇರಬೇಕು. 2024ರ ಜೂನ್‌ನಲ್ಲಿ ರಾಯಿಟರ್ಸ್ ತನಿಖೆಯೊಂದು ಹೊರಬಂತು: ಶ್ರೀಪೆರಂಬುದೂರಿನ ಫಾಕ್ಸ್‌ಕಾನ್ ಐಫೋನ್ ಕಾರ್ಖಾನೆಯ ಜೋಡಣೆ ಕೆಲಸಕ್ಕೆ ಮದುವೆಯಾದ ಹೆಂಗಸರನ್ನು ತೆಗೆದುಕೊಳ್ಳದೆ ದೂರವಿಡಲಾಗುತ್ತಿತ್ತು ಎಂದು. ಕಂಪನಿ ಅದನ್ನು ಅಲ್ಲಗಳೆಯಿತು, ಕೇಂದ್ರ ಕಾರ್ಮಿಕ ಸಚಿವಾಲಯ 1976ರ ಸಮಾನ ವೇತನ ಕಾಯ್ದೆಯನ್ನು ಎತ್ತಿ ತಮಿಳುನಾಡಿನಿಂದ ವರದಿ ಕೇಳಿತು. ನೇಮಕಾತಿಯಲ್ಲಿ ಹೆಣ್ಣೆಂಬ ಕಾರಣಕ್ಕೆ ಭೇದ ಕೂಡದು ಎಂದು ಕಾನೂನಿನಲ್ಲಿ ಇದ್ದೇ ಇತ್ತು. ಆದರೆ ವಾಪಸ್ ಹೋದ ಹೆಂಗಸಿನ ಕೈಯಲ್ಲಿ ಚೀಟಿ ಇಲ್ಲದಿದ್ದರೆ ಕಾನೂನು ಇದ್ದು ಏನು ಮಾಡಬೇಕು? ಅದೇ ಫಾಕ್ಸ್‌ಕಾನ್ ಈಗ ನಮ್ಮ ದೇವನಹಳ್ಳಿಗೂ ಬಂದಿದೆ.

ಅಮೆಜಾನ್‌ನ ಕತೆ ಇನ್ನೂ ಸೊಗಸಾಗಿದೆ. ಆ ಕಂಪನಿ 2014ರಲ್ಲಿ ರೆಸ್ಯೂಮೆಗಳನ್ನು ಓದಿ ಒಂದರಿಂದ ಐದು ಸ್ಟಾರ್ ಕೊಡುವ ಯಂತ್ರ ಕಟ್ಟಲು ಹೊರಟಿತು. ಹತ್ತು ವರ್ಷಗಳಲ್ಲಿ ಬಂದ ರೆಸ್ಯೂಮೆಗಳನ್ನು ಅದಕ್ಕೆ ಉಣಿಸಿದರು. ಮಹಿಳೆಯರ ಚೆಸ್ ಕ್ಲಬ್ಬಿನ ನಾಯಕಿ ಎಂದಿದ್ದರೆ ಯಂತ್ರ ಅಂಕ ಕಡಿಯತೊಡಗಿತು, ಎರಡು ಮಹಿಳಾ ಕಾಲೇಜುಗಳ ಪದವೀಧರೆಯರನ್ನು ಕೆಳಗಿಳಿಸಿತು. ಕೊನೆಗೆ ಯೋಜನೆಯನ್ನೇ ಕೈಬಿಟ್ಟರು, 2018ರಲ್ಲಿ ಸುದ್ದಿ ಹೊರಬಂತು. ಎಲ್ಲರೂ ಯಂತ್ರವನ್ನು ಬೈದರು. ಪಾಪ, ಯಂತ್ರ ಕಲಿತದ್ದು ಆ ಹತ್ತು ವರ್ಷದ ಗಂಡಸರ ಉದ್ಯಮದಿಂದ. ಅದರ ಒಳಗನ್ನು ತೆರೆದು ನೋಡಲು ಬಂದದ್ದರಿಂದ ಸಿಕ್ಕಿಬಿತ್ತು. ಅದಕ್ಕೆ ಮೊದಲು ಅದೇ ಕೆಲಸ ಮಾಡುತ್ತಿದ್ದ ಮನುಷ್ಯರ ತಲೆಯನ್ನು ಹಾಗೆ ತೆರೆದು ನೋಡಲು ಬರುವುದಿಲ್ಲ, ಅವರು ಬರೆದಿಟ್ಟದ್ದನ್ನು ತೋರಿಸಲು ಕಂಪನಿ ಬಿಡುವುದಿಲ್ಲ.

ಅಮೆರಿಕದಲ್ಲಿ ಡೆರೆಕ್ ಮೋಬ್ಲಿ ಎಂಬ, ನಲವತ್ತು ದಾಟಿದ ಕಪ್ಪು ವರ್ಣೀಯ ವರ್ಕ್‌ಡೇ ಮೇಲೆ 2023ರಲ್ಲಿ ದಾವೆ ಹೂಡಿದರು. ಆ ತಂತ್ರಾಂಶ ಬಳಸುವ ಕಂಪನಿಗಳಿಗೆ ನೂರಕ್ಕೂ ಹೆಚ್ಚು ಅರ್ಜಿ ಹಾಕಿ ಎಲ್ಲ ಕಡೆ ತಿರಸ್ಕೃತರಾದವರು ಅವರು. ಒಂದು ತಿರಸ್ಕಾರವಂತೂ ಅರ್ಜಿ ಹಾಕಿದ ಒಂದು ಗಂಟೆಯೊಳಗೆ, ರಾತ್ರಿ 1.50ಕ್ಕೆ ಬಂತು ಎಂಬುದು ಅವರ ದೂರು. ವರ್ಕ್‌ಡೇ ಆರೋಪ ಒಪ್ಪುವುದಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ನ್ಯಾಯಾಲಯ ವಯಸ್ಸಿನ ಭೇದದ ಭಾಗವನ್ನು ಅವರಂಥ ಇತರರೂ ಸೇರಬಹುದಾದ ಸಾಮೂಹಿಕ ದಾವೆಯಾಗಿ ಮುಂದುವರಿಸಲು ಬಿಟ್ಟಿತು. ಮೋಬ್ಲಿ ಗೆಲ್ಲುತ್ತಾರೋ ಸೋಲುತ್ತಾರೋ, ಕಂಪನಿ ಕೋರ್ಟಿನ ಮುಂದೆ ಕಡತ ತೆರೆಯಬೇಕಾಗುತ್ತದೆ. ಮಾರತ್ತಹಳ್ಳಿಯ ಪಿಜಿಯಲ್ಲಿ ಕೂತು ಅರ್ಜಿ ಹಾಕುತ್ತಿರುವ ನಲವತ್ತೆರಡರ ಟೆಸ್ಟರ್‌ಗೆ ಆ ದಾರಿಯೂ ಇಲ್ಲ. ಸಂವಿಧಾನದ 16ನೇ ವಿಧಿ ಸರ್ಕಾರಿ ಕೆಲಸಕ್ಕೆ, ಮಾಹಿತಿ ಹಕ್ಕು ಸಾರ್ವಜನಿಕ ಪ್ರಾಧಿಕಾರಕ್ಕೆ. ಖಾಸಗಿ ಕೆಲಸದಲ್ಲಿ ವಯಸ್ಸಿನ ಭೇದವನ್ನು ತಡೆಯುವ ಕಾನೂನೇ ನಮ್ಮಲ್ಲಿಲ್ಲ.

'ಹಾಗಾದರೆ ಸರ್ಕಾರಿ ನೇಮಕಾತಿ ಏನು ಸಾಧಿಸಿತು, ಅಲ್ಲಿನ ಲಂಚಕ್ಕಿಂತ ಇದೇ ವಾಸಿಯಲ್ಲವೇ?' ಈ ಮಾತು ಬಂದೇ ಬರುತ್ತದೆ. ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ (ಪಿಎಸ್‌ಐ) ನೇಮಕಾತಿ ಹಗರಣವನ್ನೇ ತೆಗೆದುಕೊಳ್ಳಿ. 545 ಹುದ್ದೆಗಳ ಪರೀಕ್ಷೆಯಲ್ಲಿ ಅಕ್ರಮ ನಡೆಯಿತು, 2022ರಲ್ಲಿ ನೇಮಕಾತಿಯನ್ನು ರದ್ದು ಮಾಡಿದರು. ಅದು ಬಯಲಾದದ್ದು ಹೇಗೆ? ಓಎಂಆರ್ ಶೀಟ್ ಎಂಬ ಒಂದು ಹಾಳೆ ಇತ್ತು, ಅದಕ್ಕೊಂದು ಕಾರ್ಬನ್ ಪ್ರತಿ ಇತ್ತು. ಉತ್ತರಿಸಿದ್ದು ಕೆಲವೇ ಪ್ರಶ್ನೆ, ಬಂದದ್ದು ರಾಶಿ ಅಂಕ ಎಂದು ಹೋಲಿಸಿ ನೋಡಲು ಬಂತು. ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷೆ ಬರೆದವನಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸರ್ಕಾರಿ ನೇಮಕಾತಿ ಕೊಳಕಾಗಿದೆ ಎಂದು ನಮಗೆ ಗೊತ್ತಿರುವುದೇ ಅಲ್ಲಿ ಕೊಳಕು ಕಾಣುತ್ತದೆ ಎಂಬುದರಿಂದ. ಖಾಸಗಿ ನೇಮಕಾತಿ ಚೊಕ್ಕಟ ಎಂದು ನಂಬುವವರು ಯಾವ ಹಾಳೆ ನೋಡಿ ನಂಬಿದರು?

ಕಾರಣ ಕೊಟ್ಟರೆ ಕೋರ್ಟಿಗೆ ಎಳೆಯುತ್ತಾರೆ, ವಾದಕ್ಕೆ ನಿಲ್ಲುತ್ತಾರೆ, ಇಷ್ಟು ಜನಕ್ಕೆ ಕೊಡಲು ಆಗುವುದಿಲ್ಲ ಎಂಬ ಮಾತುಗಳನ್ನು ಬ್ಯಾಂಕುಗಳೂ ಆಡಬಹುದಿತ್ತು. ರಿಸರ್ವ್ ಬ್ಯಾಂಕ್ 2003ರಲ್ಲಿ ನ್ಯಾಯೋಚಿತ ನಡವಳಿಯ ಸಂಹಿತೆ ತಂದು, ಎರಡು ಲಕ್ಷ ರೂಪಾಯಿವರೆಗಿನ ಸಾಲದ ಅರ್ಜಿಯನ್ನು ತಿರಸ್ಕರಿಸಿದರೆ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದಿತು. 2007ರಲ್ಲಿ ಅದನ್ನು ಎಲ್ಲ ಸಾಲಗಳಿಗೂ ವಿಸ್ತರಿಸಿತು. ಬ್ಯಾಂಕುಗಳು ಮುಳುಗಲಿಲ್ಲ. ಸಾಲ ಕೇಳಿ ಹೋದ ಟ್ರ್ಯಾಕ್ಟರ್ ಮಾಲೀಕನಿಗೆ ಇರುವ ಹಕ್ಕು ಕೆಲಸ ಕೇಳಿ ಹೋದ ಅವನ ಮಗಳಿಗೆ ಇಲ್ಲ.   

ನಮ್ಮ ಅಳತೆ ಅಷ್ಟು ಕರಾರುವಾಕ್ಕಾಗಿದೆ, ಅದರ ಮೇಲೆ ಪ್ರಶ್ನೆಯೇ ಬೇಡ ಎಂದಾದರೂ ಕಂಪನಿಗಳು ಹೇಳಬಹುದೇ? ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್ 2013ರಲ್ಲೇ ಒಪ್ಪಿಕೊಂಡಿದ್ದರು: ಸಾವಿರಾರು ಇಂಟರ್‌ವ್ಯೂಗಳ ಅಂಕಗಳನ್ನು ಆಮೇಲಿನ ಕೆಲಸದ ಜತೆ ತಾಳೆ ಹಾಕಿದರೆ ಸಂಬಂಧವೇ ಕಾಣಲಿಲ್ಲ, ಒಗಟಿನಂಥ ಪ್ರಶ್ನೆಗಳಿಂದ ಪ್ರಯೋಜನವಿಲ್ಲ ಎಂದು. ತಾಳೆ ಹಾಕಿ ನೋಡಿದ್ದಕ್ಕೆ ಅವರನ್ನು ಮೆಚ್ಚಬೇಕು. ನಮ್ಮ ಕಂಪನಿಗಳು ಆ ಒಗಟುಗಳನ್ನು ಎರವಲು ತಂದವು, ತಾಳೆ ನೋಡುವ ಅಭ್ಯಾಸವನ್ನು ತರಲಿಲ್ಲ.

2024ರ ಜುಲೈಯ ಆ ಮೂರು ದಿನ ನೆನಪಿರಬಹುದು. ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು. ಮುಖ್ಯಮಂತ್ರಿಯವರು ಎಕ್ಸ್‌ನಲ್ಲಿ ಹಾಕಿದ ಪೋಸ್ಟ್ ಅಳಿಸಿಹೋಯಿತು. ಉದ್ಯಮಿಗಳು ಮೆರಿಟ್ ಮೆರಿಟ್ ಎಂದರು, ಕಂಪನಿಗಳು ಊರು ಬಿಡಬೇಕಾದೀತು ಎಂದು ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಹೇಳಿತು, ಮಸೂದೆ ಅಟ್ಟ ಸೇರಿತು. ಆ ಮಸೂದೆಯನ್ನು ನಾನು ಸಮರ್ಥಿಸುವುದಿಲ್ಲ, ಅವಸರದಲ್ಲಿ ಹೊಲಿದ ಅಂಗಿ ಅದು. ಆದರೆ ಇಷ್ಟು ಗದ್ದಲದ ನಡುವೆ ಒಬ್ಬರೂ ಒಂದು ಸಾದಾ ಪ್ರಶ್ನೆ ಕೇಳಲಿಲ್ಲ: ಎಷ್ಟು ಕನ್ನಡಿಗರು ಅರ್ಜಿ ಹಾಕಿದರು, ಎಷ್ಟು ಜನ ಯಾವ ರೌಂಡಿನಲ್ಲಿ ಬಿದ್ದರು? ಸರ್ಕಾರಕ್ಕೂ ಗೊತ್ತಿರಲಿಲ್ಲ, ತಿಳಿದವರು ಹೇಳಲಿಲ್ಲ. ಹಾಗಾಗಿ ಮಲಯಾಳಿ ಮ್ಯಾನೇಜರ್ ಬಂದರೆ ಟೀಮೆಲ್ಲ ಮಲಯಾಳಿ, ತೆಲುಗು ಲೀಡ್ ಬಂದರೆ ತೆಲುಗು ಎಂಬ ಟೀ ಅಂಗಡಿ ಮಾತು ಇವತ್ತಿಗೂ ಸತ್ಯವೂ ಅಲ್ಲ, ಸುಳ್ಳೂ ಅಲ್ಲ. ರೆಫರಲ್ ಬೋನಸ್ ಕೊಟ್ಟು ಪರಿಚಿತರನ್ನೇ ತನ್ನಿ ಎನ್ನುವ ಕಂಪನಿಯಲ್ಲಿ ಪರಿಚಿತರು ತುಂಬಿಕೊಳ್ಳುವುದರಲ್ಲಿ ಆಶ್ಚರ್ಯವೂ ಇಲ್ಲ. ಕನ್ನಡದ ಹುಡುಗರು ಸೋತರೆಂದು ಮರುಗುವ ನಮ್ಮವರ ರೆಫರಲ್ ಪಟ್ಟಿ ತೆಗೆದರೂ ಅದರಲ್ಲಿ ನಮ್ಮ ಜಿಲ್ಲೆ, ನಮ್ಮ ಮಠ, ನಮ್ಮ ಪೈಕಿಯವರೇ ಇರುತ್ತಾರೆ. ಲೆಕ್ಕ ಹೊರಗೆ ಬಂದರೆ ಅದೂ ಬರಲಿ.

ಲೆಕ್ಕ ತರುವ ದಾರಿಗಳು ಹೊಸವೂ ಅಲ್ಲ. ಸೆಬಿಯ ನಿಯಮದಂತೆ ದೇಶದ ಮೊದಲ ಸಾವಿರ ಲಿಸ್ಟೆಡ್ ಕಂಪನಿಗಳು ಎಷ್ಟು ಮಹಿಳೆಯರು, ಎಷ್ಟು ಅಂಗವಿಕಲರು ಕೆಲಸದಲ್ಲಿದ್ದಾರೆ ಎಂದು ಪ್ರತಿ ವರ್ಷ ವರದಿ ಕೊಡುತ್ತವೆ. ಒಳಗೆ ಬಂದವರ ಎಣಿಕೆ ಅದು. ಬಾಗಿಲಲ್ಲಿ ನಿಂತವರ ಎಣಿಕೆಯನ್ನೂ, ಯಾವ ಮೆಟ್ಟಿಲಲ್ಲಿ ಯಾರು ಉಳಿದರು ಎಂಬುದನ್ನೂ ಅದಕ್ಕೆ ಸೇರಿಸಬಹುದು. ನ್ಯೂಯಾರ್ಕ್ ನಗರ 2023ರ ಜುಲೈಯಿಂದ, ನೇಮಕಾತಿಗೆ ಯಂತ್ರ ಬಳಸುವವರು ಅದರ ಪಕ್ಷಪಾತದ ತಪಾಸಣೆ ಮಾಡಿಸಿ ಫಲಿತಾಂಶ ಪ್ರಕಟಿಸಬೇಕು ಎಂಬ ನಿಯಮ ಜಾರಿಗೆ ತಂದಿದೆ. ಇಲ್ಲಿ ಕೆಐಎಡಿಬಿ ಜಮೀನು ಕೊಟ್ಟದ್ದು, ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ (ಎಸ್‌ಟಿಪಿಐ) ಘಟಕಗಳಿಗೆ 2011ರವರೆಗೆ ಆದಾಯ ತೆರಿಗೆ ರಜೆ ಸಿಕ್ಕಿದ್ದು, ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ಮತ್ತೆ ಮತ್ತೆ ವಿನಾಯಿತಿ ವಿಸ್ತರಿಸಿದ್ದು ಎಲ್ಲವೂ 'ನಮ್ಮ ಕಂಪನಿ, ನಮ್ಮ ಇಷ್ಟ' ಅನ್ನುವವರಿಗೇ. ಮುಂದಿನ ಸಲ ಅವರು ರಿಯಾಯಿತಿ ಕೇಳಿ ವಿಧಾನಸೌಧಕ್ಕೆ ಬಂದಾಗ ಸರ್ಕಾರ, ಮುಚ್ಚಿದ ಅರ್ಜಿಯ ಮೇಲೆ ರಿಕ್ರೂಟರ್ ಒತ್ತಿದ ಆ ಕಾರಣವನ್ನು ಧನ್ಯವಾದದ ಮೇಲ್‌ನಲ್ಲೇ ಸೇರಿಸಿ ಕಳಿಸಬೇಕು ಎಂಬ ಒಂದು ಷರತ್ತನ್ನು ಮುಂದಿಟ್ಟು, ಒಲ್ಲೆವೆನ್ನಲು ಅವರು ಕೊಡುವ ಕಾರಣವನ್ನು ಬರಹದಲ್ಲೇ ಪಡೆಯಬೇಕು.